ಗಸಗಸೆ ಹೂವಿನ ಕಪಾಟು

ಮರದ ಪಾಲಿಶ್ ಕೆಲಸಕ್ಕೆ ಹೊಸದಾಗಿ ಸೇರಿದವರು ನನ್ನನ್ನು ಕಂಡರೆ ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ. ಅರಗನ್ನು ಸ್ಪಿರಿಟ್ಟಿನಲ್ಲಿ ಎಷ್ಟು ದಿನ ನೆನೆಹಾಕಬೇಕು, ಬಟ್ಟೆಯ ಉಂಡೆಯನ್ನು ಎಷ್ಟು ಒತ್ತಿ ಹಿಡಿಯಬೇಕು, ತೇಗಕ್ಕೆ ಎಣ್ಣೆ ಒಳ್ಳೆಯದೋ ಪಾಲಿಶ್ ಒಳ್ಳೆಯದೋ. ಅವೆಲ್ಲ ಒಂದೆರಡು ವರ್ಷದಲ್ಲಿ ಕೈಗೆ ತಾನಾಗಿ ಬರುತ್ತವೆ. ದೋಹಾದಲ್ಲಿ ಮೂವತ್ತೊಂದು ವರ್ಷ ಈ ಕೆಲಸ ಮಾಡಿದ ನನಗೆ ಕೊನೆಯವರೆಗೂ ಬಾರದೆ ಉಳಿದದ್ದು ಬೇರೆ. ಪಕ್ಕದ ಮೇಜಿನವನ ಕೈ ನನ್ನ ಕೈಗಿಂತ ಮೇಲು ಎಂದು ಗೊತ್ತಾದ ದಿನ ಏನು ಮಾಡಬೇಕು ಎಂಬುದನ್ನು ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಈಗ ಇಲ್ಲೇ ದೋಹಾದ ಐನ್ ಖಾಲಿದ್‌ನಲ್ಲಿ ಮಗಳ ಮನೆಯಲ್ಲಿ ಆರಾಮವಾಗಿ ಕುಳಿತಿದ್ದೇನೆ. ಅದನ್ನು ಬರೆಯಲು ಬೇಕಾದಷ್ಟು ಸಮಯವಿದೆ, ನಾಚಿಕೆಯೂ ಸ್ವಲ್ಪ ಕಡಿಮೆಯಾಗಿದೆ.

ನಾನು ಕೆಲಸ ಕಲಿತದ್ದು ನಮ್ಮೂರು ಶಿರ್ವದಲ್ಲಿ, ಇಗರ್ಜಿಯ ಬೆಂಚುಗಳಿಗೆ ಪಾಲಿಶ್ ಹಚ್ಚುತ್ತಿದ್ದ ಸೋದರಮಾವನ ಬಳಿ. ದೋಹಾಕ್ಕೆ ಬಂದದ್ದು ಇಂಡಸ್ಟ್ರಿಯಲ್ ಏರಿಯಾದ ಒಂದು ಫರ್ನಿಚರ್ ವರ್ಕ್‌ಶಾಪಿಗೆ. ಆಗ ಅಲ್ಲಿ ತಯಾರಾಗುತ್ತಿದ್ದದ್ದು ಮಜ್ಲಿಸ್‌ಗೆ, ಅಂದರೆ ಕತಾರಿಗಳ ಮನೆಯಲ್ಲಿ ಅತಿಥಿಗಳು ಕೂರುವ ಕೋಣೆಗೆ ಬೇಕಾದ ದೊಡ್ಡ ಸೋಫಾಗಳು. ಬೆನ್ನಿಗೆ ಬಳ್ಳಿಯ ಕೆತ್ತನೆ, ಅಂಚಿಗೆಲ್ಲ ಚಿನ್ನದ ಬಣ್ಣ. ಹಳೆಯ ಅರ್ಬಾಬ್, ನಮ್ಮ ಮಾಲೀಕರು, ತೀರಿಕೊಂಡ ಮೇಲೆ ಅವರ ಮಗಳು ನೂರಾ ಮೇಡಂ ವರ್ಕ್‌ಶಾಪನ್ನು ವಹಿಸಿಕೊಂಡರು. ಯುರೋಪಿನಲ್ಲಿ ಓದಿ ಬಂದವರು. ಬಂದ ವರ್ಷವೇ ಚಿನ್ನದ ಬಣ್ಣದ ಡಬ್ಬಿಗಳನ್ನೆಲ್ಲ ಹೊರಗೆ ಹಾಕಿಸಿ, ‘ಖಲಾಸ್’ ಎಂದರು. ಮುಂದಿನ ತಿಂಗಳು ಡೆನ್ಮಾರ್ಕಿನಿಂದ ಒಂದು ಕಂಟೇನರ್ ಬಂತು. ತೆರೆದು ನೋಡಿದರೆ ಒಳಗೆ ಹಳೆಯ ಕುರ್ಚಿ, ಮೇಜು, ಕಪಾಟುಗಳು. ಕಾಲುಗಳು ಬೆರಳಿನಷ್ಟು ಸಣ್ಣ, ಎಲ್ಲೂ ಒಂದು ಕೆತ್ತನೆಯಿಲ್ಲ. ಇದನ್ನು ಯಾರು ಕೊಳ್ಳುತ್ತಾರೆ ಎಂದು ನಾನು ನಕ್ಕೆ.

ಆ ನಗುವಿಗೆ ತಕ್ಕ ಪ್ರಮಾದವನ್ನೂ ಮಾಡಿದೆ. ಮೊದಲ ಕಂಟೇನರಿನಲ್ಲಿ ಬಂದ ತೇಗದ ಉದ್ದನೆಯ ಕಪಾಟೊಂದನ್ನು ಮೇಡಂ ನನಗೆ ವಹಿಸಿದರು. ನನ್ನ ಲೆಕ್ಕದಲ್ಲಿ ಹಳೆಯದನ್ನು ಹೊಸದು ಮಾಡಿ ಕೊಡುವುದೇ ಕೆಲಸ. ಹಿಂಬದಿಯಲ್ಲಿ ಸುಟ್ಟ ಕಲೆಯಂಥದ್ದು ಏನೋ ಇತ್ತು. ಅದನ್ನೂ ಪಾಲಿಶ್ ಪೇಪರಿನಿಂದ ಉಜ್ಜಿ ನುಣ್ಣಗೆ ತೆಗೆದೆ. ಅದು ಆ ಕಪಾಟನ್ನು ಮಾಡಿದ ಬಡಗಿ ಕಾಸಿದ ಕಬ್ಬಿಣದಿಂದ ಒತ್ತಿದ ಮುದ್ರೆ, ಸಂಗ್ರಹಕಾರರು ಮೊಣಕಾಲೂರಿ ಟಾರ್ಚ್ ಹಾಕಿ ಹುಡುಕುವುದು ಅದನ್ನೇ ಎಂದು ಆಮೇಲೆ ತಿಳಿಯಿತು. ಮೇಡಂ ಬೈಯಲಿಲ್ಲ. ನುಣುಪಾದ ಜಾಗದ ಮೇಲೆ ಎರಡು ಸಲ ಕೈಯಾಡಿಸಿ, "ಲಾರೆನ್ಸ್, ಇನ್ನು ಮೇಲೆ ಏನನ್ನಾದರೂ ತೆಗೆಯುವ ಮೊದಲು ಅದು ಏನು ಎಂದು ಕೇಳಿ" ಎಂದರು. ಅಂದಿನಿಂದ ನಾನು ಅವರ ಶಿಷ್ಯನಾದೆ. ಸಣಕಲು ಕಾಲುಗಳ ಆ ಕುರ್ಚಿಗಳ ಅಂದವೂ ಮೆಲ್ಲಗೆ ಕಣ್ಣಿಗೆ ಬೀಳತೊಡಗಿತು. ಹತ್ತು ವರ್ಷಗಳಲ್ಲಿ, ದೋಹಾದಲ್ಲಿ ಹಳೆಯ ಡ್ಯಾನಿಶ್, ಸ್ವೀಡಿಶ್ ಮರಕ್ಕೆ ಕೈಹಾಕಲು ಲಾರೆನ್ಸ್ ಬಿಟ್ಟರೆ ಬೇರೆ ಯಾರೂ ಇಲ್ಲ ಎಂದು ನಾಲ್ಕು ಜನ ಹೇಳುವ ಹಾಗಾಯಿತು. ಆ ಮಾತು ನನಗೆ ಬಹಳ ರುಚಿಸಿತು.

ಆಮೇಲೆ ಹೂವಿನ ಸಾಮಾನುಗಳು ಬರಲು ಶುರುವಾದವು. ಅರವತ್ತು ಎಪ್ಪತ್ತು ವರ್ಷಗಳ ಹಿಂದೆ ಸ್ವೀಡನ್, ಡೆನ್ಮಾರ್ಕಿನ ಕೆಲವು ಕುಶಲಕರ್ಮಿಗಳು ಹಳೆಯ ಸಸ್ಯಶಾಸ್ತ್ರದ ಪುಸ್ತಕಗಳಿಂದ ಚಿತ್ರದ ಹಾಳೆಗಳನ್ನು ತೆಗೆದು ಕಪಾಟಿನ ಬಾಗಿಲಿಗೆ, ಡ್ರಾಯರಿಗೆ, ಟೀ ಟ್ರೇಗಳಿಗೆ ಅಂಟಿಸಿ ಮೇಲೆ ವಾರ್ನಿಶ್ ಹಚ್ಚುತ್ತಿದ್ದರು. ಒಂದೊಂದು ಹಾಳೆಯಲ್ಲೂ ಒಂದೊಂದು ಗಿಡ. ಬೇರು, ಎಲೆ, ಮೊಗ್ಗು, ಸೀಳಿ ತೋರಿಸಿದ ಕಾಯಿ, ಕೆಳಗೆ ಸಣ್ಣ ಅಕ್ಷರದಲ್ಲಿ ಲ್ಯಾಟಿನ್ ಹೆಸರು. ಇವುಗಳ ಹಿಂದೆ ಬಿದ್ದು ಸಂಗ್ರಹಿಸುವವರು ದೋಹಾದಲ್ಲಿ ಬೆರಳೆಣಿಕೆಯಷ್ಟು, ಆದರೆ ಎಲ್ಲರೂ ನಮ್ಮಲ್ಲಿಗೇ ಬರುತ್ತಿದ್ದರು. ಬೇಸಿಗೆಯಲ್ಲಿ ಮನೆಯವರೆಲ್ಲ ವಿದೇಶಕ್ಕೆ ಹೋಗುತ್ತಾರೆ, ವಿಲ್ಲಾದ ಎಸಿ ಬಂದ್ ಆಗುತ್ತದೆ, ಎರಡು ತಿಂಗಳ ಸೆಕೆಗೆ ಮರ ಹಿಗ್ಗಿ ಕಾಗದ ಗುಳ್ಳೆ ಏಳುತ್ತದೆ. ಗುಳ್ಳೆ ಎದ್ದ ಕಾಗದವನ್ನು ಮೈದಾ ಗೋಂದಿನಲ್ಲಿ ಮತ್ತೆ ಕೂರಿಸುವುದು ನನಗೆ ಬರುತ್ತಿತ್ತು. ಹರಿದು ಹೋದ ಎಲೆಯನ್ನು ಬರೆದು ತುಂಬುವುದು ಬರುತ್ತಿರಲಿಲ್ಲ. ಖಾಲಿ ಜಾಗಕ್ಕೆ ಸುತ್ತಲಿನ ಬಣ್ಣ ಬಳಿದು ಬಿಟ್ಟುಬಿಡುತ್ತಿದ್ದೆ. ಯಾರೂ ಏನೂ ಅನ್ನುತ್ತಿರಲಿಲ್ಲ, ಯಾಕೆಂದರೆ ಇನ್ನೊಬ್ಬರು ಇರಲಿಲ್ಲ.

ಇನ್ನೊಬ್ಬ ನಮ್ಮ ಪ್ಯಾಕಿಂಗ್ ವಿಭಾಗದಲ್ಲೇ ಇದ್ದ. ವಿಟ್ಲ ಕಡೆಯ ಹಮೀದ್, ಮೂವತ್ತೈದರ ಆಸುಪಾಸಿನ ಬ್ಯಾರಿ. ಊರಲ್ಲಿ ಬಸ್ಸುಗಳ ಮೇಲೆ ಹೆಸರು, ಹೂವು, ಬಳ್ಳಿ ಬರೆಯುತ್ತಿದ್ದವನು. ಸ್ಟಿಕ್ಕರುಗಳು ಬಂದು ಆ ಕೆಲಸ ಹೋದ ಮೇಲೆ ಕತಾರಿಗೆ ಬಂದು, ನಜ್ಮಾ ಬಡಾವಣೆಯಲ್ಲಿ ಐದು ಜನರ ಜೊತೆ ಒಂದು ರೂಮಿನಲ್ಲಿದ್ದುಕೊಂಡು, ನಮ್ಮಲ್ಲಿ ಪೆಟ್ಟಿಗೆಗೆ ಮೊಳೆ ಹೊಡೆಯುತ್ತಿದ್ದ. ಒಂದು ದಿನ ಮೇಡಂ ಒಂದು ಪೆಟ್ಟಿಗೆಯ ಮೇಲೆ ‘ಈ ಬದಿ ಮೇಲೆ’ ಎಂದು ಬರೆದ ಬಾಣದ ಗುರುತಿನ ಪಕ್ಕ ಪೆನ್ಸಿಲಿನಲ್ಲಿ ಬರೆದ ನುಗ್ಗೆಯ ಗೆಲ್ಲನ್ನು ನೋಡಿದರು. ತುಂಬ ಹೊತ್ತು ನಿಂತು ನೋಡಿದರು. ಆ ಹೊತ್ತನ್ನು ನಾನು ನನ್ನ ಮೇಜಿನಿಂದ ಗಮನಿಸುತ್ತಿದ್ದೆ.

ಅವನಿಗೆ ಕೊಟ್ಟ ಮೊದಲ ಕೆಲಸ ಒಂದರೊಳಗೊಂದು ಕೂರುವ ಎರಡು ಟ್ರೇಗಳು. ಕೆಳಗಿನ ಟ್ರೇಯ ಜರೀಗಿಡದ ಚಿತ್ರದಲ್ಲಿ ಅಂಗೈಯಷ್ಟು ಜಾಗ ಹರಿದುಹೋಗಿತ್ತು. ನಾನಾಗಿದ್ದರೆ ಹಸಿರು ಬಳಿದು ಮುಗಿಸುತ್ತಿದ್ದೆ. ಹಮೀದ್ ಮೇಲಿನ ಟ್ರೇಯನ್ನು ಬೋರಲು ಹಾಕಿ, ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದು ನನ್ನನ್ನು ಕರೆದ.

"ಲಾರೆನ್ಸಣ್ಣ, ಇಲ್ಲೊಮ್ಮೆ ನೋಡಿ ಮಾರಾಯ್ರೆ. ಇದು ಕಲೆ ಅಲ್ಲ, ಎಲೆ."

ನೋಡಿದೆ. ಎಷ್ಟೋ ವರ್ಷ ಒಂದರ ಮೇಲೊಂದು ಕುಳಿತು, ಕೆಳಗಿನ ಚಿತ್ರದ ಅಚ್ಚು ಮೇಲಿನ ಟ್ರೇಯ ತಳಕ್ಕೆ ತೆಳ್ಳಗೆ ಹತ್ತಿತ್ತು. ಹರಿದುಹೋದ ಎಲೆಯ ಒಂದೊಂದು ಹಲ್ಲೂ ಅಲ್ಲಿ ತಿರುಗುಮುರುಗಾಗಿ ಕಾಣುತ್ತಿತ್ತು. ಹಮೀದ್ ಕನ್ನಡಿ ಹಿಡಿದು ಅದನ್ನು ನೋಡಿ ಬರೆದ. ಹಿಂದಿನ ದಿನ ಆ ತಳವನ್ನು ಒರೆಸಿದವನು ನಾನು. ಕೊಳೆ ಎಂದುಕೊಂಡು, ನಾಳೆ ಉಜ್ಜಿ ತೆಗೆದರಾಯಿತು ಎಂದು ಬಿಟ್ಟವನೂ ನಾನೇ. "ಚೆನ್ನಾಗುಂಟು" ಎಂದೆ. ಹೇಳಿ, ಅವನ ಮುಖ ನೋಡದೆ ನನ್ನ ಮೇಜಿಗೆ ಮರಳಿದೆ.

ಅಂದಿನಿಂದ ನನ್ನ ಕೆಲಸದ ದಿನ ಬೇರೆಯೇ ಆಯಿತು. ಮೇಡಂ ಬೆಳಿಗ್ಗೆ ಬಂದರೆ ಮೊದಲು ಯಾರ ಮೇಜಿಗೆ ಹೋಗುತ್ತಾರೆ ಎಂದು ಕಾಯುತ್ತಿದ್ದೆ. ಅವನ ಮೇಜಿಗೆ ಹಗಲಿನಂಥ ಬೆಳಕು ಕೊಡುವ ಹೊಸ ದೀಪ ಬಂತು. ಇಪ್ಪತ್ತೈದು ವರ್ಷ ಟ್ಯೂಬ್‌ಲೈಟಿನಲ್ಲಿ ಕೆಲಸ ಮಾಡಿದ ನನಗೆ ಆ ದೀಪವನ್ನು ಕಂಡರೂ ಹೊಟ್ಟೆ ಉರಿಯುತ್ತಿತ್ತು. ಗ್ರಾಹಕರು ಬಂದಾಗ ಮೇಡಂ ಮೊದಲೆಲ್ಲ "ಇವರು ಲಾರೆನ್ಸ್, ನಮ್ಮ ತಂದೆಯ ಕಾಲದಿಂದ ಇದ್ದಾರೆ" ಎಂದು ಪರಿಚಯಿಸುತ್ತಿದ್ದರು. ಈಗಲೂ ಹಾಗೆಯೇ ಪರಿಚಯಿಸುತ್ತಿದ್ದರು, ಆದರೆ ಅವರ ಕಾಲು ಆಗಲೇ ಹಮೀದನ ಮೇಜಿನ ಕಡೆ ತಿರುಗಿರುತ್ತಿತ್ತು. ಒಂದು ಪತ್ರಿಕೆಯವರು ಫೋಟೋ ತೆಗೆಯಲು ಬಂದರು. ಅಚ್ಚಾದ ಫೋಟೋದಲ್ಲಿ ಹಮೀದನ ಬೆರಳು, ಬ್ರಷ್ಷಿನ ತುದಿ, ಒಂದು ನೀಲಿ ಹೂವು. ನಾನು ಮೂರು ವಾರ ಕೂತು ಪಾಲಿಶ್ ಹಚ್ಚಿದ ಬಾಗಿಲಿನ ಚೌಕಟ್ಟು ಹಿಂದುಗಡೆ ಕಂದು ಬಣ್ಣದ ಮಸಕಾಗಿ ಉಳಿದಿತ್ತು. ಆ ಪತ್ರಿಕೆಯನ್ನು ಮನೆಗೆ ತಂದು ಹೆಂಡತಿ ಸಿಸಿಲಿಯಾಗೆ ತೋರಿಸದೆ ಬಟ್ಟೆಯ ಕಪಾಟಿನ ಅಡಿಗೆ ಸೇರಿಸಿಬಿಟ್ಟೆ.

ಒಂದು ಶುಕ್ರವಾರ ಇಗರ್ಜಿಯಲ್ಲಿ ಪೂಜೆ ಮುಗಿಸಿ ಬರುವಾಗ ಒಂದು ಬಣ್ಣದ ಪೆಟ್ಟಿಗೆ, ಎರಡು ಬ್ರಷ್ ಕೊಂಡು ತಂದೆ. ಅಡುಗೆಮನೆಯಲ್ಲಿದ್ದ ಕರಿಬೇವಿನ ಗೆಲ್ಲೊಂದನ್ನು ಲೋಟದಲ್ಲಿಟ್ಟು, ಊಟದ ಮೇಜಿನಲ್ಲಿ ಕುಳಿತು ಬರೆಯಲು ನೋಡಿದೆ. ಹಾಳೆ ಮೇಲೆ ಹಾಳೆ ಹಾಳಾಯಿತು. ಆಗಷ್ಟೇ ಕೆಲಸಕ್ಕೆ ಸೇರಿದ್ದ ಮಗಳು ಹಿಂದಿನಿಂದ ಬಂದು ಬಗ್ಗಿ ನೋಡಿ, "ಪಪ್ಪಾ, ಇದು ಮೀನಾ?" ಎಂದಳು. ತಮಾಷೆಗೆ ಕೇಳಿದ್ದಲ್ಲ, ನಿಜವಾಗಿಯೂ ಕೇಳಿದ್ದಳು. ನಾನು ಹಾಳೆಗಳನ್ನು ಮುದ್ದೆ ಮಾಡಿ ಎಸೆದೆ. ಅವನಿಗೆ ದೇವರು ಕೊಟ್ಟ ಕೈ, ನನ್ನದು ನಾನು ಸವೆಸಿ ಮಾಡಿಕೊಂಡ ಕೈ, ನನ್ನದೇ ಹೆಚ್ಚು ಎಂದು ಮನಸ್ಸಿಗೆ ಹೇಳಿಕೊಂಡೆ. ಅವನೂ ಬಿಸಿಲಲ್ಲಿ ಬಸ್ಸುಗಳ ಪಕ್ಕ ಸ್ಟೂಲು ಹತ್ತಿ ನಿಂತು ಹದಿನೈದು ವರ್ಷ ಕೈ ಸವೆಸಿದವನು ಎಂಬುದನ್ನು ನೆನೆಸಿಕೊಳ್ಳಲು ನನಗೆ ಇಷ್ಟವಿರಲಿಲ್ಲ.

ಇಷ್ಟಾದರೂ ಹಮೀದ್ ನನಗೆ ಒಂದು ದಿನವೂ ಎದುರಾಡಿದವನಲ್ಲ. ಚಹಾ ಬಂದರೆ ಮೊದಲ ಲೋಟ ನನಗೆ. ಮರದ ಬಗ್ಗೆ ಏನೇ ಇದ್ದರೂ "ಲಾರೆನ್ಸಣ್ಣನನ್ನು ಕೇಳುವ" ಎಂದೇ ಹೇಳುತ್ತಿದ್ದ. ಅದೂ ನನಗೆ ಚುಚ್ಚುತ್ತಿತ್ತು. ಕೆಟ್ಟವನಾಗಿದ್ದರೆ ದ್ವೇಷಿಸಲು ಎಷ್ಟು ಸುಲಭವಿತ್ತು.

ಫುಟ್ಬಾಲ್ ವಿಶ್ವಕಪ್ಪಿಗೆ ಇಡೀ ದೋಹಾ ಸಜ್ಜಾಗುತ್ತಿದ್ದ ಕಾಲ ಅದು. ಒಬ್ಬ ವಯಸ್ಸಾದ ಕತಾರಿ ವೈದ್ಯರು ತಮ್ಮ ಮನೆಯ ಕಪಾಟನ್ನು ನಮ್ಮಲ್ಲಿಗೆ ಕಳಿಸಿದರು. ಎಲ್ಲರೂ ಅವರನ್ನು ಡಾಕ್ಟರ್ ಎಂದೇ ಕರೆಯುತ್ತಿದ್ದೆವು. ಸ್ವೀಡನ್ನಿನಲ್ಲಿ ಓದುವಾಗ ಅವರೂ ಅವರ ಹೆಂಡತಿಯೂ ಕೊಂಡ ಕಪಾಟಂತೆ. ಹೆಂಡತಿ ತೀರಿಕೊಂಡು ಎರಡು ವರ್ಷವಾಗಿತ್ತು. ಮಹಾಗನಿ ಮರದ ನಾಲ್ಕು ತೆಳ್ಳನೆಯ ಕಾಲುಗಳ ಮೇಲೆ ನಿಂತ, ಎರಡು ಬಾಗಿಲಿನ ಕಪಾಟು. ಮೈತುಂಬ ಹೂವಿನ ಹಾಳೆಗಳು. ಎಡಬಾಗಿಲಿನ ನಡುವೆ ದೊಡ್ಡದೊಂದು ಕೆಂಪು ಗಸಗಸೆ ಹೂವು. ಊರಿನಿಂದ ಬರುವಾಗ ಗಂಟಿನಲ್ಲಿ ಗಸಗಸೆ ಕಟ್ಟಿಕೊಂಡು ಬರಬೇಡಿ, ಅಮಲಿನ ವಸ್ತು ಎಂದು ಏರ್‌ಪೋರ್ಟಿನಲ್ಲೇ ಹಿಡಿಯುತ್ತಾರೆ ಎಂದು ನಾವೆಲ್ಲ ಒಬ್ಬರಿಗೊಬ್ಬರು ಎಚ್ಚರಿಸುವ ದೇಶ ಇದು. ಆ ಹೂವನ್ನು ನೋಡಿ ನಾನೂ ಹಮೀದನೂ ನಕ್ಕೆವು. ನಾವಿಬ್ಬರೂ ಒಟ್ಟಿಗೆ ಮನಸ್ಸು ಬಿಚ್ಚಿ ನಕ್ಕದ್ದು ಬಹುಶಃ ಅದೇ ಕೊನೆ.

ಆ ಸಮಯದಲ್ಲೇ ಹಮೀದನ ಇನ್ನೊಂದು ವಿಷಯ ನಡೆಯುತ್ತಿತ್ತು. ಹೆಂಡತಿಯನ್ನೂ ಆರು ವರ್ಷದ ಮಗಳನ್ನೂ ದೋಹಾಕ್ಕೆ ಕರೆಸಿಕೊಳ್ಳಬೇಕೆಂದು ಅವನ ಆಸೆ. ವೀಸಾದ ಕಾಗದಗಳಲ್ಲಿ ಅವನಿನ್ನೂ ಪ್ಯಾಕರ್. ಆ ಹುದ್ದೆಗೆ ಕುಟುಂಬದ ವೀಸಾ ಸಿಗುವಂತಿರಲಿಲ್ಲ. ಅವನನ್ನು ದುರಸ್ತಿ ತಜ್ಞ ಎಂದು ಬದಲಿಸಿ ಮೇಡಂ ಒಂದು ಪತ್ರ ಕೊಡಬೇಕಿತ್ತು. ಡಾಕ್ಟರ ಕಪಾಟು ಮುಗಿಯಲಿ, ಪತ್ರಕ್ಕೆ ಸಹಿ ಹಾಕುತ್ತೇನೆ ಎಂದು ಅವರು ಹೇಳಿದ್ದರು. ತಜ್ಞ! ಆ ಪದ ನನ್ನ ಕಾಗದದಲ್ಲಿ ಎಂದೂ ಬಂದಿರಲಿಲ್ಲ. ನಾನು ಸೇರುವಾಗ ಪಾಲಿಶರ್, ಆಗಲೂ ಪಾಲಿಶರ್.

ಗುರುವಾರ ಡಾಕ್ಟರ್ ಕೆಲಸ ನೋಡಲು ಬರುವವರಿದ್ದರು. ಬುಧವಾರ ಬೆಳಿಗ್ಗೆ ನಾನು ಎಡಬಾಗಿಲಿನ ಚೌಕಟ್ಟನ್ನು ಒದ್ದೆ ಹತ್ತಿ ಸುತ್ತಿದ ಕಡ್ಡಿಯಿಂದ ಒರೆಸುತ್ತಿದ್ದೆ. ಕಡ್ಡಿ ಜಾರಿ ಗಸಗಸೆಯ ಎಸಳಿನ ಅಂಚಿಗೆ ತಾಗಿತು. ತೆಗೆದು ನೋಡಿದರೆ ಹತ್ತಿಯ ತುದಿ ಗುಲಾಬಿ ಬಣ್ಣ. ಒಂದು ಕ್ಷಣ ಅರ್ಥವಾಗಲಿಲ್ಲ. ಅಚ್ಚಿನ ಬಣ್ಣ ನೀರಿಗೆ ಬಿಡುವುದಿಲ್ಲ, ಮೇಲೆ ವಾರ್ನಿಶ್ ಬೇರೆ ಇರುತ್ತದೆ. ಬಗ್ಗಿ ಓರೆಯಾಗಿ ನೋಡಿದಾಗ ಗೊತ್ತಾಯಿತು. ಆ ಒಂದು ಹೂವಿನ ಮೇಲೆ ಮಾತ್ರ ವಾರ್ನಿಶ್ ಇರಲಿಲ್ಲ. ಯಾರೋ ಆಮೇಲೆ ಬರಿಯ ಕಾಗದದ ಮೇಲೆ ನೀರಿನ ಬಣ್ಣ ಹಚ್ಚಿದ್ದರು. ಒದ್ದೆ ಕೈ ತಾಗಿದರೆ ಬಣ್ಣ ಕರಗಿ ಹರಿಯುತ್ತದೆ. ನಾನು ಆ ಕಡ್ಡಿಯನ್ನು ಕಸದ ಡಬ್ಬಿಗೆ ಹಾಕಿದೆ.

ಹೊತ್ತು ಸ್ವಲ್ಪ ಕಳೆದ ಮೇಲೆ ಹಮೀದ್ ತನ್ನ ಬಟ್ಟಲು, ಹತ್ತಿ ಎಲ್ಲ ಹಿಡಿದುಕೊಂಡು ಬಂದ. ಬಲಬಾಗಿಲನ್ನು ಅವನು ಹಿಂದಿನ ದಿನವೇ ಒದ್ದೆ ಕಡ್ಡಿ ತಾಗಿಸಿ, ಬಣ್ಣ ಬಿಡುವುದಿಲ್ಲ ಎಂದು ಪರೀಕ್ಷಿಸಿ, ನೀರಿನಿಂದ ಸ್ವಚ್ಛ ಮಾಡಿ ಮುಗಿಸಿದ್ದ.

"ಲಾರೆನ್ಸಣ್ಣ, ಈ ಬಾಗಿಲು ನೀವು ನೋಡಿದ್ರಾ? ಹೇಗುಂಟು?"

ನಾನು ತಲೆಯೆತ್ತಲಿಲ್ಲ. "ಮರ ಸರಿ ಉಂಟು" ಎಂದೆ.

ಮರ ಸರಿಯಾಗಿಯೇ ಇತ್ತು. ಕಾಗದದ ಮಾತನ್ನು ನಾನು ಎತ್ತಲಿಲ್ಲ. ಅವನು ತಾನೇ ಪರೀಕ್ಷೆ ಮಾಡಿಕೊಳ್ಳಲಿ, ತಜ್ಞ ಅಲ್ಲವೇ ಎಂದು ಮನಸ್ಸಿನಲ್ಲಿ ಒಂದು ದನಿ ಹೇಳಿತು. ಇನ್ನೊಂದು ದನಿ ಏನನ್ನು ಹೇಳುತ್ತಿತ್ತೋ ಅದು ಕೇಳಬಾರದೆಂದು ಎದ್ದು ಗೋದಾಮಿನ ಕಡೆ ಹೋದೆ. ಮರಳಿ ಬಂದಾಗ ಹಮೀದ್ ಕಡ್ಡಿಯನ್ನು ಗಾಳಿಯಲ್ಲಿ ಹಿಡಿದುಕೊಂಡು ಹಾಗೆಯೇ ನಿಂತಿದ್ದ. ಕೆಂಪು ಬಣ್ಣ ಎಸಳಿನಿಂದ ಇಳಿದು, ದಂಟಿನ ಮೇಲೆ ಹಾದು, ಲ್ಯಾಟಿನ್ ಹೆಸರಿನ ತನಕ ಹರಿದಿತ್ತು.

ಆಗ ನನಗೆ ಅನಿಸಿದ್ದನ್ನು ಮುಚ್ಚಿಡುವುದಿಲ್ಲ. ಮೊದಲು ಅನಿಸಿದ್ದು ತಂಪು. ಎಷ್ಟೋ ತಿಂಗಳಿಂದ ಎದೆಯ ಮೇಲೆ ಕುಳಿತಿದ್ದದ್ದು ಇಳಿದ ಹಾಗೆ. ಮೇಡಂ ಬಂದರು. ಹಮೀದ್ ನನ್ನ ಕಡೆ ನೋಡಲೂ ಇಲ್ಲ. "ನನ್ನದೇ ತಪ್ಪು ಮೇಡಂ. ಈ ಬಾಗಿಲು ಟೆಸ್ಟ್ ಮಾಡಲಿಲ್ಲ. ಆಚೆಯದರ ಹಾಗೆಯೇ ಅಂದುಕೊಂಡೆ" ಎಂದ.

ಮಾರನೆಯ ದಿನ ಡಾಕ್ಟರ್ ಬಂದರು. ಹೂವನ್ನು ನೋಡಿ ಪಕ್ಕದಲ್ಲಿದ್ದ ಪೆಟ್ಟಿಗೆಯ ಮೇಲೆ ಮೆಲ್ಲಗೆ ಕುಳಿತುಕೊಂಡರು. ಅವರು ಕೂಗಾಡಿದ್ದರೆ ನಮಗೆಲ್ಲ ಹಗುರವಾಗುತ್ತಿತ್ತು.

"ಬಿಸಿಲಿಗೆ ಈ ಹೂವಿನ ಬಣ್ಣ ಹೋಗಿತ್ತು" ಎಂದರು. "ನನ್ನ ಹೆಂಡತಿ ಮಕ್ಕಳ ಬಣ್ಣದ ಪೆಟ್ಟಿಗೆ ತೆಗೆದುಕೊಂಡು ಕುಳಿತು ಬಣ್ಣ ಹಾಕಿದಳು. ಎರಡು ದಿನ ಅಡುಗೆ ಮಾಡಲಿಲ್ಲ. ಅದನ್ನು ನಿಮಗೆ ಹೇಳಬೇಕೆಂದು ನನಗೆ ಹೊಳೆಯಲೇ ಇಲ್ಲ. ಮನೆಯಲ್ಲಿ ಎಲ್ಲರಿಗೂ ಗೊತ್ತಿದ್ದದ್ದಲ್ಲವೇ, ನಿಮಗೂ ಗೊತ್ತಿರುತ್ತದೆ ಅಂದುಕೊಂಡೆ."

ಎದೆಯಲ್ಲಿದ್ದ ತಂಪು ಅಷ್ಟಕ್ಕೆ ಹೋಯಿತು.

ಹಮೀದ್ ಮತ್ತೆ ಪ್ಯಾಕಿಂಗಿಗೆ ಹೋದ. ಪತ್ರದ ಮಾತು ನಿಂತಿತು. ಮೇಡಂ ನನ್ನನ್ನು ಕರೆದು, "ಕಾಗದದ ಕೆಲಸವನ್ನೂ ಇನ್ನು ನೀವೇ ನೋಡಿಕೊಳ್ಳಿ ಲಾರೆನ್ಸ್" ಎಂದರು. ಹಗಲಿನ ಬೆಳಕಿನ ಆ ದೀಪ ನನ್ನ ಮೇಜಿಗೆ ಬಂತು. ನಾನು ಬಯಸಿದ್ದೆಲ್ಲ ಬಂದಿತ್ತು. ಆ ದೀಪದ ಕೆಳಗೆ ಕುಳಿತು ಬ್ರಷ್ ಹಿಡಿದರೆ ಬರೆಯಲು ಏನೂ ಬರುತ್ತಿರಲಿಲ್ಲ. ಗೋಡೆಯ ಆಚೆ ಮೊಳೆ ಹೊಡೆಯುವ ಸದ್ದು ಕೇಳುತ್ತಿತ್ತು. ಒಂದು ಮಧ್ಯಾಹ್ನ ಹಮೀದ್ ಫೋನಿನಲ್ಲಿ ಬ್ಯಾರಿಯಲ್ಲಿ ಮಾತಾಡುತ್ತಿದ್ದ. ನನಗೆ ಆ ಭಾಷೆ ಅಲ್ಪಸ್ವಲ್ಪ ತಿಳಿಯುತ್ತದೆ. ಮಗಳಿಗೆ ಏನೋ ಸಮಾಧಾನ ಹೇಳುತ್ತಿದ್ದ. ಈ ವರ್ಷ ಅಲ್ಲೇ ಶಾಲೆಗೆ ಸೇರು, ಮುಂದಿನ ವರ್ಷ ನೋಡುವ ಎನ್ನುವಷ್ಟು ಅರ್ಥವಾಯಿತು.

ಎರಡು ವಾರ ಹೀಗೆ ಕಳೆಯಿತು. ಊಟ ಸೇರದ್ದನ್ನು ನೋಡಿ ಸಿಸಿಲಿಯಾ ಕೇಳಿದಳು. ಹೇಳಿದೆ. ಅವಳು ತಟ್ಟೆ ಎತ್ತುತ್ತಿದ್ದವಳು ಅಲ್ಲೇ ನಿಂತಳು.

"ಅವನು ಬಂದು ಕೇಳಿದ, ಆಗಲೂ ನೀವು ಹೇಳಲಿಲ್ಲವಾ?"

"ಮರ ಸರಿ ಉಂಟು ಅಂದೆ."

"ನಾನು ಈ ಊರಿಗೆ ಬಂದದ್ದು ಹೇಗೆ? ನಿಮ್ಮ ಹಳೆಯ ಫೋರ್‌ಮನ್ ಒಂದು ಪತ್ರ ಬರೆದುಕೊಟ್ಟದ್ದರಿಂದ. ಇಲ್ಲದಿದ್ದರೆ ಇವತ್ತಿಗೂ ಫೋನಿನಲ್ಲೇ ಸಂಸಾರ." ತಟ್ಟೆಯನ್ನು ಸಿಂಕಿನಲ್ಲಿ ಇಟ್ಟು ಬಂದು ಹೇಳಿದಳು, "ನನ್ನ ಹತ್ತಿರ ಹೇಳಿ ಏನು ಪ್ರಯೋಜನ? ಹೇಳಬೇಕಾದವರಿಗೆ ಹೇಳಿ."

ಮರುದಿನ ಮೇಡಂ ಬರುವುದಕ್ಕೆ ಮೊದಲೇ ಅವರ ಬಾಗಿಲ ಬಳಿ ನಿಂತಿದ್ದೆ. ನಿಂತಲ್ಲೇ ಎಲ್ಲ ಹೇಳಿದೆ. ಅವರು ಬ್ಯಾಗನ್ನು ಮೇಜಿನ ಮೇಲಿಟ್ಟರು, ಕುಳಿತುಕೊಳ್ಳಲಿಲ್ಲ. ಅವರ ಮುಖದಲ್ಲಿ ಸಿಟ್ಟಿಗಿಂತ ಹೆಚ್ಚಾಗಿ ಆಶ್ಚರ್ಯವಿತ್ತು. ನನ್ನಿಂದ ಅದನ್ನು ಅವರು ನಿರೀಕ್ಷಿಸಿರಲಿಲ್ಲ.

"ಯಾಕೆ?" ಎಂದರು.

"ಅವನ ಕೆಲಸ ನೋಡಲು ನನಗೆ ಆಗುತ್ತಿರಲಿಲ್ಲ."

ಅವರು ಬ್ಯಾಗನ್ನು ಮತ್ತೆ ಕೈಗೆತ್ತಿಕೊಂಡು, "ಮೊದಲು ಹಮೀದ್‌ಗೆ ಹೇಳಿ. ಆಮೇಲೆ ನಾವಿಬ್ಬರೂ ಡಾಕ್ಟರ ಮನೆಗೆ ಹೋಗೋಣ. ಯಲ್ಲಾ, ನಡೆಯಿರಿ, ಈಗಲೇ" ಎಂದರು.

ಪ್ಯಾಕಿಂಗಿನಲ್ಲಿ ಹಮೀದ್ ಒಂದು ಕುರ್ಚಿಗೆ ಪೆಟ್ಟಿಗೆ ಕಟ್ಟುತ್ತಿದ್ದ. ನಾನು ಹೇಳಿದ್ದನ್ನು ಸುತ್ತಿಗೆ ಕೈಯಲ್ಲಿ ಹಿಡಿದೇ ಕೇಳಿದ.

"ಎಷ್ಟು ಹೊತ್ತಿಗೆ ನೋಡಿದ್ರಿ?"

"ಬೆಳಿಗ್ಗೆ."

"ನಾನು ಬಂದು ಕೇಳುವಾಗ ಗೊತ್ತಿತ್ತಾ?"

"ಗೊತ್ತಿತ್ತು."

"ಟೆಸ್ಟ್ ಮಾಡದ್ದು ನನ್ನ ತಪ್ಪು. ಅದು ಬೇರೆ" ಎಂದ. "ನಾನು ನಿಮ್ಮನ್ನು ಕೇಳಿದ್ದೆ ಅಲ್ವಾ?"

ಉತ್ತರಕ್ಕೆ ಕಾಯದೆ ಬಗ್ಗಿ ಮೊಳೆ ಹೊಡೆಯಲು ಶುರುಮಾಡಿದ. ನಾನು ಅಲ್ಲಿಂದ ಹೊರಟೆ.

ಡಾಕ್ಟರ್ ತಮ್ಮ ಮಜ್ಲಿಸಿನಲ್ಲಿ ನಮ್ಮನ್ನು ಕೂರಿಸಿ ಕಾಫಿ ಕೊಡಿಸಿದರು. ಕಾಫಿ ಕುಡಿದ ಮೇಲೆ ಹೇಳುವುದು ಇನ್ನೂ ಕಷ್ಟವಾಯಿತು. ಹೇಳಿ ಮುಗಿಸಿದಾಗ ಅವರು ಒಂದೇ ಪ್ರಶ್ನೆ ಕೇಳಿದರು. "ಅವನ ಕೆಲಸ ನಿನ್ನದಕ್ಕಿಂತ ಚೆನ್ನಾಗಿತ್ತೇ?"

"ಹೌದು" ಎಂದೆ. ಅದನ್ನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಹೇಳಿದ ಮೇಲೂ ನಾನು ಕುಳಿತಲ್ಲೇ ಇದ್ದೆ, ಏನೂ ಆಗಲಿಲ್ಲ.

"ಹಾಗಾದರೆ ಉಳಿದದ್ದನ್ನು ಅವನೇ ಮಾಡಲಿ" ಎಂದರು ಡಾಕ್ಟರ್. "ಹೂವನ್ನು ಮತ್ತೆ ಬರೆಯುವುದು ಬೇಡ. ಹರಿದ ಬಣ್ಣವೂ ಅವಳು ಹಾಕಿದ್ದೇ. ಇನ್ನು ಮುಂದೆ ಹರಿಯದ ಹಾಗೆ ಮಾಡಿ ಕೊಡಿ, ಸಾಕು." ನನ್ನನ್ನು ಕ್ಷಮಿಸಿದ್ದೇನೆ ಎಂದು ಅವರು ಹೇಳಲಿಲ್ಲ. ನಾನೂ ಕೇಳಲಿಲ್ಲ.

ಹಮೀದ್ ಮೇಜಿಗೆ ಮರಳಿದ. ದೀಪವನ್ನು ನಾನೇ ಎತ್ತಿಕೊಂಡು ಹೋಗಿ ಅವನ ಮೇಜಿನಲ್ಲಿ ಇಟ್ಟೆ. ಅವನು ಒಂಬತ್ತು ದಿನ ಆ ಬಾಗಿಲಿನ ಮುಂದೆ ಕುಳಿತು, ಹರಿದ ಕೆಂಪನ್ನು ಹರಿದ ಹಾಗೆಯೇ ಉಳಿಸಿ, ಅದರ ಮೇಲೆ ನೀರು ತಾಗದಂತೆ ತೆಳ್ಳಗೆ ವಾರ್ನಿಶ್ ಕೂರಿಸಿದ. ಮೇಡಂ ಪತ್ರಕ್ಕೆ ಸಹಿ ಹಾಕಿದರು. ಶಾಲೆಗಳು ತೆರೆಯುವ ಮೊದಲು ಅವನ ಹೆಂಡತಿ, ಮಗಳು ಬಂದರು. ನನ್ನನ್ನು ಕೆಲಸದಿಂದ ತೆಗೆಯಲಿಲ್ಲ. ಆದರೆ ಅಂದಿನಿಂದ ನನ್ನ ಕೆಲಸವನ್ನು ಹಮೀದ್ ನೋಡಿ ಒಪ್ಪಿದ ಮೇಲೆಯೇ ಅದು ಹೊರಗೆ ಹೋಗಬೇಕು ಎಂದು ಮೇಡಂ ನಿಯಮ ಮಾಡಿದರು. ನನಗಿಂತ ಇಪ್ಪತ್ತು ವರ್ಷ ಕಿರಿಯನ ಕೈಕೆಳಗೆ ನಾನು ನಾಲ್ಕು ವರ್ಷ ದುಡಿದೆ.

ಆ ನಾಲ್ಕು ವರ್ಷವೂ ಅವನು ನನ್ನನ್ನು ‘ಅಣ್ಣ’ ಎಂದು ಕರೆಯಲಿಲ್ಲ. ಮಿಸ್ಟರ್ ಲಾರೆನ್ಸ್ ಎನ್ನುತ್ತಿದ್ದ. ಚಹಾದ ಲೋಟ ಮೊದಲಿನಂತೆ ಕೊಡುತ್ತಿದ್ದ, ಕೆಲಸದ ಮಾತು ಎಷ್ಟು ಬೇಕೋ ಅಷ್ಟು. ಹೊಟ್ಟೆಕಿಚ್ಚು ಹೋಯಿತೇ ಎಂದು ಹೊಸಬರು ಕೇಳಬಹುದು. ಇಲ್ಲ. ಅವನು ಒಂದು ಸೇವಂತಿಗೆಯ ಎಸಳನ್ನು ಬರೆದು ಮುಗಿಸುವುದನ್ನು ಕಂಡರೆ ಅದು ಇವತ್ತಿಗೂ ಬರುತ್ತದೆ. ಅದು ಬಂದಾಗ ಬಾಯಿ ಮುಚ್ಚಿಕೊಳ್ಳಬಾರದು ಎಂದಷ್ಟೇ ಕಲಿತೆ. ಕಂಡದ್ದನ್ನು ಕಂಡ ಕೂಡಲೇ ಹೇಳಿಬಿಡುತ್ತಿದ್ದೆ. ಕೆಲವು ಸಲ ಹತ್ತು ಹೆಜ್ಜೆ ಓಡಿಹೋಗಿ ಹೇಳುತ್ತಿದ್ದೆ.

ನಿವೃತ್ತನಾಗಿ ಒಂದು ವರ್ಷವಾದ ಮೇಲೆ, ಕಳೆದ ಚಳಿಗಾಲದಲ್ಲಿ, ಹಮೀದ್ ಫೋನ್ ಮಾಡಿದ. ಈಗ ವರ್ಕ್‌ಶಾಪಿನ ಉಸ್ತುವಾರಿ ಅವನದೇ. ಮಹಾಗನಿಯ ಮೇಲೆ ಅರಗಿನ ಪಾಲಿಶ್ ಮಾಡುವುದನ್ನು ಹೊಸದಾಗಿ ಬಂದ ಇಬ್ಬರಿಗೆ ತೋರಿಸಿಕೊಡಬಹುದೇ ಎಂದು ಕೇಳಿದ. ಹೋದೆ. ಒಳಗೆ ಕಾಲಿಟ್ಟರೆ ಗೋಡೆಯ ಮೇಲೆ, ನಾನಿದ್ದಾಗ ಇಲ್ಲದ, ಬಾಗಿಲಿನಷ್ಟು ದೊಡ್ಡ ಹಲಗೆ. ಅದರ ತುಂಬ ಹತ್ತಿಯ ಕಡ್ಡಿಗಳನ್ನು ಸಾಲಾಗಿ ಪಿನ್ ಮಾಡಿದ್ದರು. ಪ್ರತಿಯೊಂದರ ಕೆಳಗೂ ಒಂದು ಚೀಟಿ, ಯಾವ ಸಾಮಾನು, ಯಾವ ಜಾಗ, ಯಾರು ಪರೀಕ್ಷಿಸಿದರು, ಏನು ಕಂಡಿತು ಎಂದು. ಕಡ್ಡಿ ಬಿಳಿಯಾಗಿದ್ದರೂ ಹಲಗೆಗೆ ಚುಚ್ಚಬೇಕು, ಬಣ್ಣ ಬಂದಿದ್ದರೂ ಚುಚ್ಚಬೇಕು. ಚುಚ್ಚುವ ತನಕ ಆ ಸಾಮಾನಿಗೆ ಯಾರೂ ಕೈಹಾಕುವಂತಿಲ್ಲ.

ಕುಂದಾಪುರದಿಂದ ಬಂದ ಹೊಸ ಕೆಲಸಗಾರ ಪ್ರವೀಣ, "ನಿಮ್ಮ ಬೋರ್ಡ್ ಸರ್" ಎಂದು ನಗುತ್ತ ತೋರಿಸಿದ. "ಇದಕ್ಕೆ ಇಲ್ಲಿ ಎಲ್ಲರೂ ಲಾರೆನ್ಸ್ ಬೋರ್ಡ್ ಅಂತಲೇ ಹೇಳುದು. ನೀವೇ ಶುರು ಮಾಡಿದ್ದಂತೆ ಅಲ್ವಾ?"

ನನ್ನ ಕಿವಿ ಬಿಸಿಯಾಯಿತು. ಅರಗಿನ ಡಬ್ಬಿ ಎಲ್ಲಿದೆ ಎಂದು ಕೇಳಿ ಮಾತು ತಿರುಗಿಸಿದೆ. ಮಧ್ಯಾಹ್ನದ ಊಟಕ್ಕೆ ಎಲ್ಲರೂ ಹೋದ ಮೇಲೆ ಹಮೀದನ ಮೇಜಿನ ಬಳಿ ಹೋದೆ. ಅವನಿಗೂ ಈಗ ಕನ್ನಡಕ ಬಂದಿದೆ. ಒಂದು ಡ್ರಾಯರಿನ ಮೇಲಿನ ಟುಲಿಪ್ ಹೂವಿಗೆ ಬಣ್ಣ ತುಂಬುತ್ತಿದ್ದ.

"ಅದಕ್ಕೆ ಯಾಕೆ ನನ್ನ ಹೆಸರಿಟ್ಟೆ, ಹಮೀದ್?" ಎಂದು ಕೇಳಿದೆ. "ನಾಚಿಕೆಯಾಗಲಿ ಅಂತಲ್ವಾ?"

ಅವನು ಬ್ರಷ್ಷನ್ನು ನೀರಿನಲ್ಲಿ ಅದ್ದಿ, ಬಟ್ಟೆಗೆ ಒರೆಸಿ, ತುದಿಯನ್ನು ನೋಡಿದ.

"ಸುರುವಿಗೆ ಹಾಗೇ" ಎಂದ. "ನೀವು ಹೋದ ಮೇಲೂ ಇಳಿಯದ ಸಿಟ್ಟಿನಲ್ಲೇ ಇಟ್ಟದ್ದು. ಆಮೇಲೆ ಯೋಚನೆ ಮಾಡಿದೆ. ನೀವು ಹೇಳದೆ ಇದ್ದಿದ್ದರೆ ಯಾರಿಗೆ ಗೊತ್ತಾಗ್ತಿತ್ತು? ಯಾರಿಗೂ ಇಲ್ಲ. ನಾನು ಈಗಲೂ ಆಚೆ ಮೊಳೆ ಹೊಡೀತಿದ್ದೆ. ಹಾಳು ಮಾಡಿದ್ದೂ ನೀವೇ, ಬಂದು ಹೇಳಿದ್ದೂ ನೀವೇ. ಹೆಸರು ಇರಲಿ, ಲಾರೆನ್ಸಣ್ಣ."

ನಾನು ಅವನ ಪಕ್ಕದ ಸ್ಟೂಲಿನಲ್ಲಿ ಕುಳಿತೆ. ಅವನು ಮತ್ತೆ ಟುಲಿಪ್ಪಿಗೆ ಬಗ್ಗಿದ. ಹಳದಿಯೊಳಗಿಂದ ಕೆಂಪು ಎಲ್ಲಿ ಶುರುವಾಯಿತು ಎಂದು ಗೊತ್ತಾಗದ ಹಾಗೆ ಬಣ್ಣ ಏರುತ್ತಿತ್ತು. ನೋಡುತ್ತಿದ್ದಂತೆ ಅದೇ ಹಳೆಯ ಹೊಟ್ಟೆಕಿಚ್ಚು ಬಂತು. ಆಗ ನನಗೆ ಕಂಡಿತು. ಅವನ ಅಂಗೈಯ ಅಡಿಯಲ್ಲಿ, ಡ್ರಾಯರಿನ ಮೂಲೆಯಲ್ಲಿ, ಕಾಗದದ ಅಂಚು ಉಗುರಿನಷ್ಟು ಎದ್ದಿತ್ತು. ಕೈ ಇನ್ನೊಂದಿಷ್ಟು ಜರುಗಿದರೆ ಹಾಳೆಯೇ ಸೀಳುತ್ತಿತ್ತು.

"ಹಮೀದ್, ಕೈ ಎತ್ತು" ಎಂದೆ. "ಅಂಚು ಎದ್ದಿದೆ."

ಅವನು ತಟ್ಟನೆ ಕೈ ಎತ್ತಿದ. "ಎಲ್ಲಿ?"

ನಾನು ಬಗ್ಗಿ ತೋರಿಸಿದೆ.